ಸ್ಪ್ಯಾಮಿನಲ್ಲಿ ಸಿಕ್ಕ ಕಂಬದ ಮಾತು

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಬೀಳಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ ನಾನು. ಹುಡುಗರು ದೆವ್ವದ ಕಥೆ ತೆಗೆದರೆ, "ಮೊದಲ ಅದಕ್ಕ ಹಾಜರಿ ಹೇಳಾಕ ಹಚ್ರಿ" ಎಂದು ಚೇಷ್ಟೆ ಮಾಡುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಒಂದು ಸಂಗತಿ ಮಾತ್ರ, ಎಷ್ಟು ತಿರುವಿ ಹಾಕಿದರೂ ನನಗೆ ಬಗೆಹರಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ನಮ್ಮ ಹಳೆಯ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ಹೊಸ ಊರಿಗೆ ಬರುವಾಗ ಎಲ್ಲರಂತೆ ನಾವೂ ಮನೆ ಬಿಚ್ಚಿ, ಬಾಗಿಲು, ತೊಲೆ, ಕಂಬಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದೆವು. ಅವುಗಳಿಂದಲೇ ಹೊಸ ಮನೆ ಎದ್ದಿತು, ಮೇಲೆ ಮಣ್ಣಿನ ಮಾಳಿಗೆ. ಕೆಲವು ವರ್ಷಗಳ ಮೇಲೆ ಹಳೆಯ ಊರಿನ ಊಟ, ಆಟ, ಮಾತುಗಳನ್ನು ಬರೆದಿಡಲು ನಾನೊಂದು ಬ್ಲಾಗ್ ಶುರು ಮಾಡಿದೆ. ಓದುವವರು ಹತ್ತಿಪ್ಪತ್ತು ಮಂದಿ. ಸ್ಪ್ಯಾಮಿಗೆ ಮಾತ್ರ ಬರವಿರಲಿಲ್ಲ. ಗಡಿಯಾರ ಮಾರುವವರು, ಗುಳಿಗೆ ಮಾರುವವರು, ಲಾಟರಿ ಹತ್ತಿದೆ ಎನ್ನುವವರು, ಎಲ್ಲರಿಗೂ ನನ್ನ ಬರಹ ಬಹಳ ಸೇರುತ್ತಿತ್ತು!

ಒಂದು ಭಾನುವಾರ ಬೆಳಿಗ್ಗೆ ಬ್ಲಾಗನ್ನು ಅಪ್‌ಗ್ರೇಡ್ ಮಾಡಲು ಕೂತೆ. ಇದರಲ್ಲಿ ಪಳಗಿದ ಮುಧೋಳದ ಗೆಳೆಯನೊಬ್ಬ, ಮೊದಲು ಸ್ಪ್ಯಾಮ್ ಖಾಲಿ ಮಾಡಿಕೋ ಎಂದಿದ್ದ. ಕನ್ನಡದ ಒಳ್ಳೆಯ ಕಾಮೆಂಟುಗಳೂ ಎಷ್ಟೋ ಸಲ ಅಲ್ಲಿ ಹೋಗಿ ಬೀಳುತ್ತಿದ್ದವು. ಹಾಗಾಗಿ ಒಂದೊಂದನ್ನೇ ಓದಿ ಅಳಿಸುತ್ತಿದ್ದೆ. ರೊಟ್ಟಿಯ ಬಗ್ಗೆ ಬರೆದ ಲೇಖನಕ್ಕೆ ಹೆಸರಿಲ್ಲದ ಯಾರೋ ಹೀಗೆ ಬರೆದಿದ್ದರು: "ನಿಮ್ಮ ಪಡಸಾಲಿ ಬಲಗಡಿ ಕಂಬ ತೆಳಗ ಮ್ಯಾಲ ಆಗಿ ನಿಂತೈತಿ. ನಿಮ್ಮ ಅಪ್ಪಾರ್ನ ಅಲ್ಲಿ ಕುಂಡ್ರಸಬ್ಯಾಡ್ರಿ."

ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಲಕ್ವಾ ಹೊಡೆದು ಎಡಗಾಲು ಬಿದ್ದುಹೋಗಿದ್ದ ಅಪ್ಪ ದಿನವಿಡೀ ಆ ಕಂಬಕ್ಕೇ ಒರಗಿ ಕೂಡುತ್ತಿದ್ದುದು ನಿಜ. ಹಿಡಿದು ಎಬ್ಬಿಸದೆ ಅವರು ಏಳುವಂತಿರಲಿಲ್ಲ. ಆದರೆ ಬ್ಲಾಗಿನಲ್ಲಿ ನಾನು ಮನೆಯ ಫೋಟೋ ಹಾಕಿರಲಿಲ್ಲ, ಅಪ್ಪನ ವಿಷಯ ಬರೆದಿರಲೇ ಇಲ್ಲ. ಕಂಬ ನಿಲ್ಲಿಸುವಾಗ ಮರದ ಬುಡ ಕೆಳಗೇ ಇರಬೇಕು, ತಲೆಕೆಳಗಾದರೆ ಮನೆಗೆ ಕೇಡು ಎಂದು ನಮ್ಮ ಕಡೆ ಹೇಳುತ್ತಾರೆ. ಎದ್ದು ಹೋಗಿ ನೋಡಿದೆ. ಕೆತ್ತನೆ ಇಲ್ಲದ, ಬಣ್ಣ ಬಳಿದ ಬೇವಿನ ಕಂಬ. ಬುಡ ಯಾವುದು, ತುದಿ ಯಾವುದು, ನನಗೇನೂ ತಿಳಿಯಲಿಲ್ಲ.

ಹೆಂಡತಿಗೆ ನಗುತ್ತಲೇ ಹೇಳಿದೆ. ಅವಳು ನಗಲಿಲ್ಲ. "ಸುಳ್ಳಾದ್ರ ನಮ್ಮದೇನ್ ಹೋಗ್ತೈತ್ರಿ? ಮಾವಾರ ಹಾಸಗಿ ಕಿಡಕಿ ಕಡೆ ಹಾಕೂಣು" ಎಂದು ಹಾಸಿಗೆ ಎತ್ತಿಯೇಬಿಟ್ಟಳು. ಅಪ್ಪ ಗೊಣಗಿದರು. ನನಗೋ ನಾಚಿಕೆ. ವಿಜ್ಞಾನದ ಮಾಸ್ತರ ಸ್ಪ್ಯಾಮಿನ ಮಾತು ಕೇಳಿ ಹಾಸಿಗೆ ಸರಿಸಿದ ಎಂದು ಸಾಲೆಯಲ್ಲಿ ಗೊತ್ತಾದರೆ ಮಾನ ಉಳಿದೀತೆ? ಆ ನಾಚಿಕೆಯಲ್ಲೇ ಆ ಕಾಮೆಂಟನ್ನೂ ಉಳಿದ ಕಸದ ಜೊತೆ ಅಳಿಸಿ, ಅಪ್‌ಗ್ರೇಡ್ ಮುಗಿಸಿದೆ.

ಬುಧವಾರ ಮಧ್ಯಾಹ್ನ ಸಾಲೆಗೆ ಫೋನು ಬಂತು. ಓಡಿ ಬಂದು ನೋಡಿದರೆ ಆ ಕಂಬದ ತಲೆ ಕುಸಿದು, ತೊಲೆ ಮುರಿದು, ಮಾಳಿಗೆಯ ಮಣ್ಣು ಪಡಸಾಲೆಯ ಬಲಗಡೆ ಗುಡ್ಡೆಯಾಗಿ ಬಿದ್ದಿತ್ತು. ಅಪ್ಪ ಕಿಟಕಿಯ ಕಡೆ, ಮೈತುಂಬ ಧೂಳು ಹೊದ್ದು ಕೆಮ್ಮುತ್ತಿದ್ದರು. ಅವರ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.

ಮನೆ ಕಟ್ಟಿಕೊಟ್ಟಿದ್ದ ಮುದುಕ ಬಡಿಗನಿಗೆ ಹೇಳಿಕಳಿಸಿದೆ. ಬಂದವನು ಕಂಬ ನೋಡಿ ನೇರ ಅಪ್ಪನ ಮುಂದೆ ಹೋಗಿ ಕೂತ. "ತಪ್ಪಾತ್ರಿ ಸರ. ಅದರ ಬುಡ ಗೆದ್ದಲ ತಿಂದಿತ್ತು. ಆ ಕಡೆ ನೀರ ಏರಾಕತ್ತಿತ್ತು, ಎಲ್ಲಾರದೂ ಅವಸರ. ಕೆಟ್ಟ ತುದಿ ಮ್ಯಾಲ ಮಾಡಿ, ಹಲಗಿ ಬಡದು ಮುಚ್ಚಿದೆ. ಹೇಣ್ತಿ ಮುಂದನೂ ಹೇಳಿಲ್ರಿ" ಎಂದು ಅಪ್ಪನ ಕಾಲು ಹಿಡಿದ. ಅಪ್ಪ ಅವನಿಗೆ ಒಂದು ಮಾತೂ ಬೈಯಲಿಲ್ಲ.

ಅವನು ಹೆಬ್ಬೆಟ್ಟಿನವನು, ಕಂಪ್ಯೂಟರ್ ಮುಟ್ಟಿದವನಲ್ಲ. ಕುಡಿದಾಗ ಯಾರ ಮುಂದಾದರೂ ಬಾಯಿ ಬಿಟ್ಟಿರಬಹುದೇ ಎಂದರೆ, ಅವನು ಕುಡಿಯುತ್ತಲೂ ಇರಲಿಲ್ಲ. ಮುಧೋಳದ ಗೆಳೆಯ ಬ್ಯಾಕಪ್ಪನ್ನೆಲ್ಲ ಜಾಲಾಡಿದ. ಅದರಲ್ಲಿ ಸ್ಪ್ಯಾಮ್ ಸೇರಿರಲೇ ಇಲ್ಲ. ಅಳಿಸಿದ್ದನ್ನು ಮರಳಿ ತರಲು ಆಗಲಿಲ್ಲ. ಬರೆದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು, ನಾನು ಹೇಳಲಾರೆ.

ಅಪ್ಪನಿಗೆ ಇದೊಂದೂ ವಿಚಿತ್ರ ಎನಿಸಲಿಲ್ಲ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಅವರಿಗೆ ಉತ್ತರಾ ಬರದಿಯೇನ?" ಇಲ್ಲ, ಅಳಿಸಿಬಿಟ್ಟೆ ಎಂದೆ. "ಜೀವಾ ಉಳಿಸಿದವರಿಗೆ ಒಂದ್ ಮಾತ ಬರೀಲಿಲ್ಲೇನಲೇ? ಮಾಸ್ತರ ಅದಿ ನೀ!" ಎಂದು ಮುಖ ತಿರುಗಿಸಿದರು.

ಆಮೇಲೆ ಅವರು ಆರು ವರ್ಷ ಬದುಕಿದರು. ನಾನು ಕಂಪ್ಯೂಟರ್ ಮುಂದೆ ಕೂತದ್ದು ಕಂಡಾಗಲೆಲ್ಲ "ಬರದಿಯೇನ?" ಎಂದು ಕೇಳುವುದನ್ನು ಬಿಡಲಿಲ್ಲ. ಕೊನೆಯ ವರ್ಷ ಮಾತು ತೊದಲುತ್ತಿತ್ತು, ಆಗಲೂ ಕೇಳಿದರು. ಒಂದು ದಿನ ತಡೆಯಲಾರದೆ, ಹೂಂ ಅಪ್ಪಾ, ಬರೆದೆ ಎಂದುಬಿಟ್ಟೆ. ಅವರು ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು.