ಅಬ್ಬಾ ದನಿ ಕೊಟ್ಟ ಮೂಕಿಚಿತ್ರ

ಪಾಂಡಾನ್ ಎಲೆಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಮಲೇಶಿಯಾದಲ್ಲಿ ಅದನ್ನು ಅನ್ನಕ್ಕೂ ಹಾಕುತ್ತಾರೆ, ಕಂತೆ ಕಟ್ಟಿ ಕಾರಿನ ಸೀಟಿನ ಹಿಂದೆಯೂ ಇಡುತ್ತಾರೆ. ಎಲ್ಲರೂ ಇಡುವುದು ಘಮಕ್ಕೆ. ರಫೀಕ್ ಅಂಕಲ್ ಇಟ್ಟದ್ದು ಘಮಕ್ಕಲ್ಲ.

ಪುಚೊಂಗಿನ ನಮ್ಮ ಸಾಲುಮನೆಯಲ್ಲಿ ಭಾನುವಾರ ಬಿರಿಯಾನಿ ಮುಗಿದ ಮೇಲೆ ಅಬ್ಬಾ ಹಳೆಯದೊಂದು ಮೂಕಿಚಿತ್ರ ಹಾಕುತ್ತಿದ್ದರು. ಒಬ್ಬ ಬಡಪಾಯಿ ಕಾರು ಕೊಳ್ಳಲು ಹೋಗುತ್ತಾನೆ, ಒಬ್ಬ ಮೋಸಗಾರ ಅವನಿಗೆ ಡಕೋಟ ಗಾಡಿಯೊಂದನ್ನು ಕಟ್ಟುತ್ತಾನೆ, ಅಷ್ಟೇ ಕತೆ. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಆ ಚಿತ್ರಕ್ಕೆ ಮಾತು ಕೂರಿಸುತ್ತಿದ್ದದ್ದು ಮಾತ್ರ ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ. ಬಡಪಾಯಿಗೆ ಅಬ್ಬಾ ದನಿ, ಮೋಸಗಾರನಿಗೆ ಅವರ ಊರಿನವನೇ ಆದ ರಫೀಕ್‌ನ ದನಿ. ಪರದೆಯ ಮೇಲೆ ಕಾರಿನ ಬಾಗಿಲು ಕಳಚಿ ಬಿದ್ದರೆ ರಫೀಕ್, "ಬಾಗಲಾ ಬಿದ್ರ ಏನಾತ್ರಿ ಭಾಯ್, ಗಾಳಿ ಚಲೋ ಬರ್ತೈತಿ!" ಎನ್ನುತ್ತಿದ್ದ. ಅಬ್ಬಾ, "ಅಲ್ರೀ, ನಿಮ್ಮನ್ನ ನಂಬಿ ಬಂದೀನಲ್ರಿ!" ಎಂದು ಅಳುದನಿ ತೆಗೆಯುತ್ತಿದ್ದರು. ಅಮ್ಮಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಬ್ಬಾ ಫ್ಯಾಕ್ಟರಿಯಲ್ಲಿ ವಾರವಿಡೀ ನುಂಗಿದ್ದೆಲ್ಲ ಆ ನಗುವಿನಲ್ಲಿ ಕರಗಿಹೋಗುತ್ತಿತ್ತು.

ಒಂದು ಭಾನುವಾರ ರಫೀಕ್ ಮಾರಲೆಂದು ನಿಜವಾದ ಕಾರನ್ನೇ ತಂದು ಬಾಗಿಲಲ್ಲಿ ನಿಲ್ಲಿಸಿದ. ಅಬ್ಬಾ ಎಂಜಿನಿಯರು, ಯಂತ್ರ ತಿಳಿಯದವರಲ್ಲ. ಆದರೂ ಬಾನೆಟ್ ಎತ್ತದೆಯೇ ದುಡ್ಡು ಎಣಿಸಿ ಕೊಟ್ಟರು. ನಮ್ಮ ತಟ್ಟೆಯಲ್ಲಿ ಉಂಡವನ ಗಾಡಿಯನ್ನು ಪರೀಕ್ಷೆ ಮಾಡುವುದೆಂದರೆ ಅವನ ಮುಖಕ್ಕೆ ಹೊಡೆದಂತೆ ಎಂಬುದು ನಮ್ಮವರ ರಿವಾಜು. ಅವನಿಗದು ಚೆನ್ನಾಗಿ ಗೊತ್ತಿತ್ತು, ನೀಚ. ಸಿನಿಮಾದ ದನಿಯಲ್ಲೇ, "ಗಾಳಿ ಚಲೋ ಬರ್ತೈತಿ ಭಾಯ್!" ಎಂದ. ನಾವೆಲ್ಲ ನಕ್ಕೆವು.

ತಿಂಗಳೊಳಗೆ ಅದು ಪೆಟಾಲಿಂಗ್ ಜಯಾದ ಹೆದ್ದಾರಿಯ ನಡುವೆ ನಿಂತುಬಿಟ್ಟಿತು. ಹಿಂದಿನ ಲಾರಿ ಕೂದಲೆಳೆಯಲ್ಲಿ ತಪ್ಪಿತು. ಅಮ್ಮಿ ನನ್ನನ್ನು ಅವುಚಿಕೊಂಡಳು. ವರ್ಕ್‌ಶಾಪಿನಲ್ಲಿ ಕಾಲಡಿಯ ಚಾಪೆ ಕಿತ್ತರೆ ಕೆಳಗೆಲ್ಲ ಒಣಗಿದ ಕೆಸರು. ನೆರೆಯಲ್ಲಿ ಮುಳುಗಿದ್ದ ಗಾಡಿ; ಆ ಕೊಳೆತ ವಾಸನೆ ಮುಚ್ಚಲೆಂದೇ ಅವನು ಸೀಟಿನ ಹಿಂದೆ ಪಾಂಡಾನ್ ಕಂತೆ ಇಟ್ಟಿದ್ದ. ಅಬ್ಬಾ ಅಲ್ಲಿಂದಲೇ ಫೋನ್ ಮಾಡಿದರು. "ನೋಡಿ ತಗೋಬೇಕಿತ್ತು ಭಾಯ್, ನಾ ಏನ್ ಮಾಡ್ಲಿ?" ಎಂದು ಅವನು ನಕ್ಕದ್ದು ನನಗೂ ಕೇಳಿಸಿತು. ಅಬ್ಬಾ ಫೋನ್ ಇಟ್ಟರು. ಆಮೇಲೆ ಭಾನುವಾರಗಳು ಬಂದವು, ಬಿರಿಯಾನಿಯೂ ಆಯಿತು. ಆ ಚಿತ್ರವನ್ನು ಮಾತ್ರ ಅಬ್ಬಾ ಮತ್ತೆ ಹಾಕಲಿಲ್ಲ.

ಈಗ ಆ ಮನೆ ಬೇರೆಯವರದು. ಅಬ್ಬಾ ತೀರಿಕೊಂಡಾಗ ರಫೀಕ್ ಬಂದು, "ನಿಮ್ಮಪ್ಪ ಏನ್ ನಗತಿದ್ರವಾ, ಆ ಪಿಕ್ಚರ್ ಐತೇನು ಇನ್ನಾ?" ಎಂದು ಕಣ್ಣೊರೆಸಿಕೊಂಡ. ಇಲ್ಲ ಎಂದೆ. ಅವನಿಗೆ ನೀರೂ ಕೊಡಲಿಲ್ಲ.

ಚಿತ್ರ ಇತ್ತು. ಮೊನ್ನೆ ಹಾಕಿದೆ. "ಅಮ್ಮಿ, ವೈ ನೋಬಡಿ ಟಾಕಿಂಗ್ ಲಾ?" ಎಂದು ಮಲೇಶಿಯಾದ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದಳು ಮಗಳು. ಬಡಪಾಯಿ ಬಾಯಿ ತೆರೆದಾಗ ನಾನು, "ಅಲ್ರೀ, ನಿಮ್ಮನ್ನ ನಂಬಿ ಬಂದೀನಲ್ರಿ!" ಎಂದೆ. ಥೇಟ್ ಅಬ್ಬಾನ ದನಿ. ಮಗಳು ನಕ್ಕು, ಮುಂದಿನ ಮಾತಿಗೆ ಕಾದಳು. ಮೋಸಗಾರನ ತುಟಿಗಳು ಅಲ್ಲಾಡುತ್ತಲೇ ಇದ್ದವು. ಅವನ ಮಾತುಗಳೆಲ್ಲ ನನಗೆ ಬಾಯಿಪಾಠ. ನಾನು ದನಿ ಕೊಡಲಿಲ್ಲ.