ಮನೆ ಮಗನ ಅರ್ಜಿ

ಮೊನ್ನೆ ಹೊಸಪೇಟೆಯ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದೆ. ಪೊಟ್ಟಣ ಬಿಚ್ಚಿದರೆ ಎಣ್ಣೆ, ಅಜವಾನದ ವಾಸನೆ ಘಮ್ಮೆಂದಿತು. ಮಿರ್ಚಿಯನ್ನು ತಟ್ಟೆಗೆ ಸುರಿದು, ಎಣ್ಣೆ ಹೀರಿದ ಕಾಗದವನ್ನು ತಿರುಗಿಸಿ ಹಿಂಬದಿ ಓದತೊಡಗಿದೆ. ಯಾರದೋ ಸಮಾಜ ವಿಜ್ಞಾನದ ಉತ್ತರ ಪತ್ರಿಕೆ. "ಮಿರ್ಚಿ ಆರಾಕತ್ತ್ಯಾವು. ನೀವು ಹಾಳಿನ ನೆಕ್ಕೋತ ಕುಂದ್ರಿ," ಎಂದು ಹೆಂಡತಿ ಬೈದಳು. ಕಾಗದ ಕಂಡರೆ ಹಿಂಬದಿ ನೋಡುವ ಈ ಚಟ ನನಗೆ ಅಂಟಿದ್ದು ಒಬ್ಬ ಅಜ್ಜನಿಂದ...

ಆಗ ಸರಕಾರಿ ಕಚೇರಿಗಳ ಸಾಲಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ ಇತ್ತು. ಅದಿರಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಸಂಡೂರಿನ ಕಡೆಯಿಂದ ಲಾರಿಗಳು ಹಗಲೆಲ್ಲ ಹರಿಯುತ್ತಿದ್ದವು. ಕೆಂಪು ಧೂಳು ಕೀಬೋರ್ಡಿನಲ್ಲಿ, ಚಹಾದಲ್ಲಿ, ದೇವರ ಫೋಟೋದ ಮೇಲೆ. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಬಂದವನು ಸಂಜೆ ಇಟ್ಟಿಗೆ ಬಣ್ಣದ ಅಂಗಿಯಲ್ಲಿ ಮನೆಗೆ ಹೋಗುತ್ತಿದ್ದೆ. ಲಾರಿ ಮಾಲೀಕರ ಟ್ರಿಪ್ ಚೀಟಿ ಮುದ್ರಿಸುವುದರಲ್ಲೇ ನನಗೆ ಪುರುಸೊತ್ತಿರಲಿಲ್ಲ. ಸ್ವಲ್ಪ ಸೊಕ್ಕೂ ಬಂದಿತ್ತು ಅನ್ನಿ.

ಅಂಥ ಒಂದು ಮಂಗಳವಾರ ಕಂಪ್ಲಿ ಬಸ್ಸಿಳಿದು ಅಜ್ಜ ಬಂದ. ಸ್ಟೂಲು ಸರಿಸಿದರೆ ಬೇಡವೆಂದು ಹೊಸ್ತಿಲ ಬಳಿ ನೆಲದ ಮೇಲೆ ಕೂತ. ಅರ್ಜಿ ಬರೆಯಬೇಕು ಅಂದ. ಪಿಂಚಣಿಯೋ, ಮನೆಯೋ, ಎಂದು ಕೇಳಿದೆ.

"ಏನೂ ಬ್ಯಾಡ ತಮ್ಮಾ. ನನ್ನ ಬಗ್ಗೆ ಬರದದ್ದು ತಪ್ಪೈತಿ. ತಿದ್ದಬೇಕು."

ಸರಕಾರದಿಂದ ಏನೂ ಬೇಡದ ಗಿರಾಕಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಎರಡು ಸಲ ನೋಡಿದೆ. ತಲೆ ನೆಟ್ಟಗೇ ಇತ್ತು.

ಅಜ್ಜ ಸಣ್ಣವನಿದ್ದಾಗಲೇ ಅವನಪ್ಪ ಅವನನ್ನು ಒಬ್ಬ ಧಣಿಯ ಮನೆಯಲ್ಲಿ ಜೀತಕ್ಕೆ ಬಿಟ್ಟಿದ್ದ. ಬೆಳೆದು ಗಂಡಸಾದರೂ ಕೊಟ್ಟಿಗೆಯಲ್ಲೇ ಮಲಗುತ್ತಿದ್ದ. ಜೀತ ರದ್ದು ಮಾಡುವ ಕಾಯ್ದೆ ಬಂದ ಮೇಲೆ ಊರಿಗೆ ಜೀಪು ಬಂತು. ಸಾಹೇಬರು ಧಣಿಯ ಕಟ್ಟೆಯ ಮೇಲೆ, ಧಣಿಯ ಚಹಾ ಕುಡಿಯುತ್ತ, "ಇವನು ಜೀತದವನೇನು?" ಎಂದು ಧಣಿಯನ್ನೇ ಕೇಳಿದರಂತೆ. "ಛೇ ಛೇ, ಮನಿ ಮಗ ಇದ್ದಂಗರಿ," ಅಂದ ಧಣಿ. ಧಣಿ ಏನೇ ಅಂದರೂ "ಹೌದ್ರಿ ಧಣಿ" ಎನ್ನುವುದು ಆಳುಗಳ ರೂಢಿ. ಅಜ್ಜನೂ ಬಾಯಿತಪ್ಪಿ ಹಾಗೇ ಅಂದುಬಿಟ್ಟ. ಸಾಹೇಬರು "ಮನೆ ಮಗ" ಎಂದು ಬರೆದುಕೊಂಡು ಜೀಪು ಹತ್ತಿದರು.

"ಧಣಿ ಸತ್ತು ಭಾಳ ವರ್ಷ ಆತು. ಆದ್ರ ನಾ ಅವನ ಮಗ ಆಗಿ ಸಾಯಂಗಿಲ್ಲ ತಮ್ಮಾ," ಅಂದ ಅಜ್ಜ.

ಕಂಪ್ಯೂಟರು ಲಾರಿಗಳ ಪಾಲಾಗಿದ್ದರಿಂದ ಬಿಡಿ ಹಾಳೆಗಳ ಒಂದೇ ಮಗ್ಗುಲಿಗೆ ಕೈಯಲ್ಲೇ ಬರೆಯತೊಡಗಿದೆ; ಬಿಡುವಾದಾಗ ಟೈಪ್ ಮಾಡಿದರಾಯಿತು ಎಂದುಕೊಂಡೆ. "ಈ ಮೂಲಕ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಬರೆದು ಓದಿದ್ದೇ ತಡ, ಅಜ್ಜ ಕೈ ಅಡ್ಡ ಹಿಡಿದ. "ನಾ ಹಂಗ ಅಂದೆನೇನು? ನಾ ಅಂದಂಗ ಬರಿ." ಅವನು ಅಂದಂತೆ ಬರೆದರೆ ಮೂರು ಹಾಳೆ ಬರೀ ಎತ್ತುಗಳೇ. ಯಾವ ಎತ್ತು ಮುಂಗೋಪಿ, ಯಾವುದು ಕಳ್ಳ, ಯಾವುದು ಇವನನ್ನು ಬಿಟ್ಟು ಬೇರೆಯವರ ಕೈಯಲ್ಲಿ ನೀರು ಕುಡಿಯುತ್ತಿರಲಿಲ್ಲ... ಕಚೇರಿಗೆ ಎತ್ತಿನ ಸುದ್ದಿ ಯಾಕೆ ಎಂದು ಗೊಣಗಿದೆ.

"ಅವೂ ನನ್ನ ಸಂಗಾಟ ಜೀತದಾಗ ಇದ್ವು. ಪಾಪ, ಅವಕ್ಕ ಅರ್ಜಿ ಹಾಕಾಕ ಬರಂಗಿಲ್ಲ."

ಹೀಗೆ ನಾಲ್ಕೈದು ಮಂಗಳವಾರ ಕಳೆದು ಒಂಬತ್ತು ಹಾಳೆ ತುಂಬಿದವು. ಟೈಪ್ ಮಾಡುವ ಬಿಡುವು ಮಾತ್ರ ಬರಲೇ ಇಲ್ಲ.

ಒಂದು ದಿನ ಅಂಗಡಿ ತುಂಬ ಡ್ರೈವರುಗಳು, ಹೊರಗೆ ಹಾರ್ನುಗಳು, ಕಾಗದ ಖಾಲಿ. ಒಂದು ಮಗ್ಗುಲು ಖಾಲಿ ಇರುವ ಹಾಳೆಯನ್ನು ಎಸೆಯಬಾರದು ಎಂಬುದು ನಮ್ಮಪ್ಪ ಕಲಿಸಿದ ಜಿಪುಣತನ. ಕೈಗೆ ಸಿಕ್ಕ ಕಟ್ಟನ್ನು ಪ್ರಿಂಟರಿಗೆ ತುಂಬಿ ಚೀಟಿ ಮುದ್ರಿಸಿ ಹಂಚಿದೆ. ಹಿಂಬದಿ ನೋಡಲಿಲ್ಲ.

ವಾರದ ಮೇಲೆ ಬಂದರಿನಲ್ಲಿ ಅದಿರು ಇಳಿಸಿ ಮರಳಿದ ಡ್ರೈವರೊಬ್ಬ ಅಂಗಡಿಗೆ ನುಗ್ಗಿದ. ಅಲ್ಲಿ ಲಾರಿಗಳ ಸಾಲಿನಲ್ಲಿ ಮೂರು ದಿನ ಬಿದ್ದಿದ್ದನಂತೆ. ಚೀಟಿಯ ಹಿಂಬದಿಯನ್ನು ಐದಾರು ಡ್ರೈವರುಗಳಿಗೆ ಗಟ್ಟಿಯಾಗಿ ಓದಿ ಹೇಳಿದ್ದನಂತೆ.

"ಅಣ್ಣಾ, ಅವ ಉಗಾದಿ ದಿನ ಧಣಿ ಮಕ್ಕಳ ಸಾಲಿನ್ಯಾಗ ಊಟಕ್ಕ ಕುಂತ್ನಲ್ಲ, ಹೋಳಿಗಿ ಹಾಕಿದ್ರೋ ಇಲ್ಲೋ? ಮುಂದಿನ ಹಾಳಿ ಎಲ್ಲಿ?"

ಅಜ್ಜನ ಹಾಳೆಗಳಿಗಾಗಿ ಹುಡುಕಾಡಿದೆ. ಕಪಾಟು, ಮೇಜಿನ ಕೆಳಗೆ, ಕಸದ ಬುಟ್ಟಿ... ಒಂದು ಹಾಳೆಯೂ ಇಲ್ಲ. ಅಷ್ಟರಲ್ಲಿ, ಅಂದು ಮಂಗಳವಾರ ನೋಡಿ, ಅಜ್ಜ ಬಾಗಿಲಲ್ಲಿ ನಿಂತಿದ್ದ.

ತಪ್ಪೊಪ್ಪಿಕೊಂಡೆ. ಒಂಬತ್ತೂ ಹಾಳೆ ಅದಿರಿನ ಜೊತೆ ಹೋದವು ಎಂದು ಹೇಳಿದೆ. ಅಜ್ಜ ಡ್ರೈವರನ ಕಡೆ ತಿರುಗಿದ.

"ಓದಿ ನಕ್ಕೀರೇನು?"

"ನಕ್ಕೀವಿ ಯಜ್ಜಾ. ಒಬ್ಬಾವ ಅತ್ತನೂ ಅತ್ತ."

ಅಜ್ಜನ ಮುಖ ಅರಳಿತು. ಉಳಿದದ್ದನ್ನು ಅವನಿಗೆ ತಾನೇ ಹೇಳಿದ. ಜೀಪು ಬಂದುಹೋದ ವಾರಕ್ಕೆ ಉಗಾದಿ. ಅಜ್ಜ ಎಣ್ಣೆ ಹಚ್ಚಿ ಎರೆದುಕೊಂಡು ಹೋಗಿ ಧಣಿಯ ಮಕ್ಕಳ ಸಾಲಿನ ಕೊನೆಗೆ ಕೂತಿದ್ದ. "ಸಾಹೇಬ್ರು ಮಗ ಅಂತ ಬರದಾರವ್ವಾ, ನನಗೂ ಒಂದು ಎಲಿ ಹಾಕು," ಎಂದಿದ್ದ. ಧಣಿಯ ಹೆಂಡತಿಯ ಕೈಯಿಂದ ತುಪ್ಪದ ಗಿಂಡಿ ಬಿತ್ತು.

"ಹೋಳಿಗಿ ಹಾಕ್ಲಿಲ್ಲ. ಬಾರುಕೋಲ್ಲೇ ಹೊಡದ್ರು. ನಾ ಎದ್ದು ಹೊಂಟಾವ ಕಂಪ್ಲಿ ಮಟ ನಿಂದ್ರಲಿಲ್ಲ. ಕಾಯ್ದೆ ನನ್ನ ಬಿಡಿಸ್ಲಿಲ್ಲಪಾ, ನಾನ ಬಿಡಿಸ್ಕೊಂಡೆ."

ಡ್ರೈವರ್ ನಗಲಿಲ್ಲ. ಅಜ್ಜನಿಗೆ ಚಹಾ ತರಿಸಿ ಕೊಟ್ಟು ಹೋದ. ಅಜ್ಜ ಚಹಾ ಕುಡಿದು ನನ್ನ ಕಡೆ ತಿರುಗಿದ.

"ಹೊಸಾ ಹಾಳಿ ತಗಿ. ಮೊದಲಿನಿಂದ ಬರಿ. ಈ ಸಲ ಎರಡೂ ಮಗ್ಗಲಿಗೆ ಬರಿ!"

ಎರಡೂ ಮಗ್ಗುಲಿಗೆ ಬರೆದೆ, ಎತ್ತುಗಳ ಸಮೇತ. ಪ್ರತಿ ಮಗ್ಗುಲಿಗೂ ಅಜ್ಜ ಹೆಬ್ಬೆಟ್ಟು ಒತ್ತಿದ. ನಾನೇ ಜಿಲ್ಲಾ ಕಚೇರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿದೆ. ಆಮೇಲೂ ಪ್ರತಿ ಮಂಗಳವಾರ ಬಂದು, ಉತ್ತರ ಬಂತೇ ಎಂದು ಕೇಳಿ ಹೋಗುತ್ತಿದ್ದ. ನಂತರ ಮೂರು ಮಂಗಳವಾರ ಬರಲಿಲ್ಲ. ತೀರಿಕೊಂಡ ಸುದ್ದಿಯನ್ನು ಕಂಪ್ಲಿ ಬಸ್ಸಿನ ಕಂಡಕ್ಟರ್ ಹೇಳಿದ.

ಉತ್ತರ ಬಂದಿದ್ದು ಅದಾದ ಮೇಲೆ, ನನ್ನ ಅಂಗಡಿಯ ವಿಳಾಸಕ್ಕೆ. ಅರ್ಜಿದಾರರು ಮನೆ ಮಗನಲ್ಲವೆಂದು ತಿದ್ದುಪಡಿ ಬಯಸಿದ್ದಲ್ಲಿ, ಸದರಿ ಕುಟುಂಬದ ವಂಶವೃಕ್ಷವನ್ನೂ ಉಳಿದ ಗಂಡುಮಕ್ಕಳ ಒಪ್ಪಿಗೆ ಪತ್ರವನ್ನೂ ಲಗತ್ತಿಸತಕ್ಕದ್ದು! ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇನ್ನೊಮ್ಮೆ ಗಟ್ಟಿಯಾಗಿ ಓದೋಣವೆಂದು ಹೊಸ್ತಿಲ ಕಡೆ ತಿರುಗಿದರೆ ಅಲ್ಲಿ ಯಾರೂ ಇರಲಿಲ್ಲ. ಆಗ ಅಳು ಬಂತು...

ಅದಿರಿನ ಭರಾಟೆ ಮುಗಿಯಿತು, ನನ್ನ ಅಂಗಡಿಯೂ ಮುಚ್ಚಿತು. ತಿದ್ದುಪಡಿ ಕೇಳಲು ಅಜ್ಜನ ಹಿಂದೆ ಯಾರೂ ಇಲ್ಲ. ಯಾವುದೋ ಕಡತದಲ್ಲಿ ಅವನು ಇವತ್ತಿಗೂ ಆ ಮನೆಯ ಮಗ. ಅವನ ಬಾಯಿಂದ ಕೇಳಿ ಎರಡು ಸಲ ಬರೆದವನು ನಾನು. ಅವನು ಮಗನಾಗಿರಲಿಲ್ಲ.