ಒಣ ಡ್ರಿಲ್

ನಮ್ಮ ಜಿಲ್ಲೆಯ ಅಗ್ನಿಶಾಮಕ ಠಾಣೆಗಳಿಗೆ ವರ್ಷವಿಡೀ ನೀರಿನದ್ದೇ ಪೇಚಾಟ. ಮಳೆಗಾಲದಲ್ಲಿ ಹೋಸ್ ಒಣಗುವುದಿಲ್ಲ. ಹೋಸ್ ಅಂದರೆ ಹೂವಿನ ಗಿಡಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪಲ್ಲ. ಒಳಗೆ ರಬ್ಬರು, ಹೊರಗೆ ದಪ್ಪ ಬಟ್ಟೆ. ಒದ್ದೆಯಾಗಿದ್ದಾಗ ಸುತ್ತಿಟ್ಟರೆ ಬೂಷ್ಟು ಹಿಡಿದು, ಬೇಕಾದ ದಿನ ಸರಿಯಾಗಿ ನಡುವೆಯೇ ಸಿಡಿಯುತ್ತದೆ. ಕೊಡಗಿನಲ್ಲಿ ಜೂನ್ ಆದ ಮೇಲೆ ಒಗೆದ ಬನಿಯನ್ನೇ ಒಣಗದು, ಹೋಸ್ ಎಲ್ಲಿಂದ ಒಣಗೀತು? ಬೇಸಿಗೆ ಬಂತೆಂದರೆ ಕಥೆ ಉಲ್ಟಾ. ಬಾವಿ ತಳ ಕಾಣುತ್ತದೆ, ಟ್ಯಾಂಕಿನ ನೀರನ್ನು ಸುಮ್ಮನೆ ನೆಲಕ್ಕೆ ಚೆಲ್ಲಿದರೆ ಅಕ್ಕಪಕ್ಕದವರು ಬಂದು ಬೈಯುತ್ತಾರೆ. ಹೀಗಾಗಿ ನಾವು ಎರಡೂ ಕಾಲಕ್ಕೆ ಹೊಂದುವ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಅದರ ಹೆಸರು ಒಣ ಡ್ರಿಲ್.

ಒಣ ಡ್ರಿಲ್‌ನಲ್ಲಿ ಎಲ್ಲವೂ ಇರುತ್ತದೆ, ನೀರೊಂದು ಬಿಟ್ಟು. ಸೀಟಿ ಊದಿದ ಕೂಡಲೇ ಹೋಸ್ ಬಿಚ್ಚಿಕೊಂಡು ಓಡಬೇಕು, ಒಂದಕ್ಕೊಂದು ಜೋಡಿಸಬೇಕು, ತುದಿಗೆ ನಾವು ಬ್ರಾಂಚ್ ಎನ್ನುವ ಲೋಹದ ಮೂತಿಯನ್ನು ಸಿಕ್ಕಿಸಬೇಕು. ಬ್ರಾಂಚ್ ಹಿಡಿದವನು ಕೈ ಎತ್ತಿ "ವಾಟರ್ ಆನ್" ಎಂದು ಕೂಗುತ್ತಾನೆ. ಗಾಡಿಯ ಹಿಂಬದಿ ಪಂಪಿನ ಹತ್ತಿರ ನಿಂತ ಡ್ರೈವರ್ ತಾನೂ ಕೈ ಎತ್ತಿ "ವಾಟರ್ ಆನ್" ಎಂದು ತಿರುಗಿ ಕೂಗುತ್ತಾನೆ. ಅಲ್ಲಿಗೆ ಸ್ಟಾಪ್‌ವಾಚ್ ನಿಲ್ಲುತ್ತದೆ. ನೀರು ಬರಬೇಕಾಗಿಲ್ಲ, ಪಂಪಿನಿಂದ ನೀರು ಬಿಡುವ ವಾಲ್ವ್ ತಿರುಗಬೇಕಾಗಿಲ್ಲ. ಡ್ರೈವರ್ ಎಷ್ಟು ಬೇಗ ಕೈ ಎತ್ತಿದ ಎಂಬುದರ ಮೇಲೆ ಅಂಕ.

ಪ್ರತಿ ವರ್ಷ ಒಂದು ಕಾಲೇಜಿನ ಮೈದಾನದಲ್ಲಿ ನಮಗೂ ನಮ್ಮ ಅಧಿಕಾರಿಗಳಿಗೂ ಒಟ್ಟಿಗೆ ಶಿಬಿರ ಮಾಡುತ್ತಾರೆ. 'ಪ್ರಾಯೋಗಿಕ ತರಬೇತಿ' ಎಂದು ದೊಡ್ಡ ಅಕ್ಷರದ ಬ್ಯಾನರ್ ಇರುತ್ತದೆ. ಅಧಿಕಾರಿಗಳ ಪ್ರಯೋಗ ಶಾಮಿಯಾನದ ಕೆಳಗೆ, ನಮ್ಮದು ಬಿಸಿಲಲ್ಲಿ. ಮೈದಾನ ಕೆಸರಾಗುತ್ತದೆ, ಮಕ್ಕಳ ಕ್ರೀಡಾಕೂಟ ಹತ್ತಿರದಲ್ಲಿದೆ ಎಂದು ಕಾಲೇಜಿನವರು ಮೊದಲೇ ಹೇಳಿರುತ್ತಾರೆ. ಹಾಗಾಗಿ ಅಲ್ಲೂ ಒಣ ಡ್ರಿಲ್ಲೇ. ಕಡೆಯ ದಿನ ಮುಖ್ಯ ಅತಿಥಿಗಳು ಬಂದಾಗ ಮಾತ್ರ ತಗಡಿನ ತಟ್ಟೆಗೆ ಡೀಸೆಲ್ ಸುರಿದು ಬೆಂಕಿ ಹಚ್ಚುತ್ತೇವೆ. ಅವತ್ತಿಗೆ ಹೋಸ್‌ನಲ್ಲಿ ಮೊದಲೇ ನೀರು ತುಂಬಿಸಿ, ಬ್ರಾಂಚಿನ ಬಾಯಿ ಮುಚ್ಚಿ ಇಟ್ಟಿರುತ್ತೇವೆ. ಕೂಗಿದ ಕ್ಷಣಕ್ಕೆ ನೀರು ಚಿಮ್ಮುತ್ತದೆ, ಚಪ್ಪಾಳೆ ಬೀಳುತ್ತದೆ, ಅಧಿಕಾರಿಗಳು ಒಬ್ಬೊಬ್ಬರಾಗಿ ಬಂದು ಬ್ರಾಂಚ್ ಮುಟ್ಟಿ ಫೋಟೊ ತೆಗೆಸಿಕೊಳ್ಳುತ್ತಾರೆ. ಇದನ್ನೆಲ್ಲ ನಾನೂ ನಗುತ್ತಲೇ ನೋಡಿದವನು.

ನಮ್ಮ ಗಾಡಿಯ ಡ್ರೈವರ್ ನನಗಿಂತ ಹಿರಿಯ, ಕೊಡಗಿನದೇ ಸಿದ್ದಾಪುರದ ಕಡೆಯವನು. ಅವನ ತಾಯಿ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿದ್ದು ಕಾಫಿ ಪಿಕಿಂಗ್ ಮಾಡಿ ಅವನನ್ನು ಓದಿಸಿದವರು. ಮನೆಯಲ್ಲಿ ಮಲಯಾಳ, ಠಾಣೆಯಲ್ಲಿ ನಮ್ಮ ಜೊತೆ ಕನ್ನಡ, ಗಾಡಿಯ ಜೊತೆ ಮಾತಾಡುವಾಗ ಎರಡರ ಬೆರಕೆ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಗುಡ್ಡ ಜಾರಿದ ಮಳೆಗಾಲದಲ್ಲಿ, ಒಂದು ಬದಿ ರಸ್ತೆಯೇ ಇಲ್ಲದ ತಿರುವಿನಲ್ಲಿ, ಹತ್ತಾರು ಜನರನ್ನು ಕೂರಿಸಿಕೊಂಡು ಅವನು ಗಾಡಿಯನ್ನು ಹಿಮ್ಮುಖವಾಗಿ ಇಳಿಸಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ನಾನು ಎರಡೂ ಕೈಯಲ್ಲಿ ಸೀಟು ಹಿಡಿದು ಕೂತಿದ್ದೆ. ಅವನು ಮಾತ್ರ ಮುದುಕಿಯೊಬ್ಬರನ್ನು "ಅಮ್ಮಾ, ನಿಮ್ಮ ಕೋಳಿಯನ್ನು ಸ್ವಲ್ಪ ಆಚೆ ಹಿಡ್ಕೊಳ್ಳಿ, ಕನ್ನಡಿ ಕಾಣೂದಿಲ್ಲ" ಎಂದು ಕೇಳಿಕೊಳ್ಳುತ್ತಿದ್ದ. ಗಾಬರಿ ಎಂಬ ಪದಕ್ಕೂ ಅವನಿಗೂ ಸಂಬಂಧವಿರಲಿಲ್ಲ ಎಂದು ಹೇಳಲಿಕ್ಕೆ ಇದನ್ನು ಬರೆದೆ.

ಎರಡು ಬೇಸಿಗೆಗಳ ಹಿಂದೆ ಒಂದು ಮಧ್ಯಾಹ್ನ ಕುಶಾಲನಗರದ ಆಚೆಯ ಒಂದು ಹಳ್ಳಿಯಿಂದ ಫೋನು ಬಂತು. ನಮ್ಮ ಮನೆಯವರ ಹಾಗೆಯೇ ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯಗಾರರ ಊರು. ತರಗೆಲೆ ಸುಟ್ಟ ಕಿಡಿ ಹಾರಿ ಒಂದು ಕೊಟ್ಟಿಗೆಗೆ ಬೆಂಕಿ ಹತ್ತಿತ್ತು. ಕೊಟ್ಟಿಗೆಯ ಅಟ್ಟದ ತುಂಬ ಹುಲ್ಲು, ಕೆಳಗೆ ಕಟ್ಟಿದ ಎರಡು ಹಸು. ನಾವು ತಲುಪಿದಾಗ ಬೆಂಕಿ ಅಟ್ಟದ ಒಂದು ಮೂಲೆಯಲ್ಲಿ ಮಾತ್ರ ಇತ್ತು. ಹೊಗೆಗೆ ಯಾರೂ ಒಳಗೆ ಹೋಗಲಾರದೆ ನಿಂತಿದ್ದರು. ಮೂಲೆಗೆ ನೀರು ಬಿದ್ದರೆ ಸಾಕು, ಹಗ್ಗ ಕಡಿದು ದನ ಹೊರಗೆಳೆಯಬಹುದಿತ್ತು.

ಬ್ರಾಂಚ್ ನನ್ನ ಕೈಯಲ್ಲಿತ್ತು. ಕೈ ಎತ್ತಿ ಕೂಗಿದೆ. ಹಿಂದಿನಿಂದ ಗಟ್ಟಿಯಾಗಿ ಉತ್ತರ ಬಂತು, "ವಾಟರ್ ಆನ್." ಆ ಉತ್ತರ ಕೇಳಿದ ಮೇಲೆ ತಿರುಗಿ ನೋಡುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ನಾನು ಬಾಗಿಲಿಗೆ ಹೋದೆ. ಹೋಸ್ ಚಪ್ಪಟೆಯಾಗಿ ಬಿದ್ದೇ ಇತ್ತು. ಎಲ್ಲೋ ಮಡಚಿಕೊಂಡಿರಬೇಕು ಎಂದುಕೊಂಡು ಜೊತೆಯಲ್ಲಿದ್ದ ಫೈರ್‌ಮನ್‌ನನ್ನು ಹಿಂದಕ್ಕೆ ಓಡಿಸಿದೆ. ಅವನು ಹೋಸ್ ಉದ್ದಕ್ಕೂ ಮಡಿಕೆ ಹುಡುಕುತ್ತ ಗಾಡಿಯ ತನಕ ಹೋದ. ಅಲ್ಲಿ ಎಂಜಿನ್ ಗುರ್ರೆನ್ನುತ್ತಿತ್ತು, ಅಣ್ಣ ಕೈ ಎತ್ತಿ ನೆಟ್ಟಗೆ ನಿಂತಿದ್ದ, ವಾಲ್ವ್ ಮುಚ್ಚಿಯೇ ಇತ್ತು. ಶಿಬಿರದಲ್ಲಿ ಹೇಗೆ ನಿಲ್ಲುತ್ತಿದ್ದನೋ ಹಾಗೆಯೇ, ತನ್ನ ಕೆಲಸ ಮುಗಿಯಿತೆಂಬಂತೆ.

ಫೈರ್‌ಮನ್ ತಾನೇ ವಾಲ್ವ್ ತಿರುಗಿಸಿದ. ನೀರು ಬಂತು. ಅದು ಬರುವ ಮುಂಚೆ ಅಟ್ಟ ಕೆಳಗೆ ಬಿದ್ದಿತ್ತು. ಹಸುಗಳು ಕೂಗಿದ್ದನ್ನು ನಾನು ಬರೆಯುವುದಿಲ್ಲ.

ಇಷ್ಟರಲ್ಲಿ ಯಾರೋ ಪುಣ್ಯಾತ್ಮ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದಿದ್ದ. ಸಂಜೆಯ ಹೊತ್ತಿಗೆ ಅದು ವಿರಾಜಪೇಟೆ ಬಸ್ಸಿನವರ ಫೋನಿಗೂ ಮುಟ್ಟಿತ್ತು. ಉರಿಯುವ ಕೊಟ್ಟಿಗೆ, ಈಚೆಗೆ ಕೆಂಪು ಗಾಡಿ, ಅದರ ಹಿಂದೆ ಕೈ ಎತ್ತಿ ನಿಂತ ಖಾಕಿ ಬಟ್ಟೆಯವನು. ಬೆಂಕಿಗೆ ಸಲ್ಯೂಟ್ ಹೊಡೀತಾನೆ ಅಂದರು, ಬೆಂಕಿಗೆ ಶರಣಾದ ಅಂದರು, ಕುಡಿದಿದ್ದ ಅಂತಲೂ ಅಂದರು. ಅಣ್ಣ ಜೀವಮಾನದಲ್ಲಿ ಕಾಫಿ ಬಿಟ್ಟು ಬೇರೆ ಕುಡಿದವನಲ್ಲ. ಅವನ ಮಗಳ ಅತ್ತೆ ಮನೆಯವರಿಗೂ ವಿಡಿಯೋ ಹೋಯಿತು.

ಕೆಲವು ದಿನ ಬಿಟ್ಟು ಅವನು ಆ ಮನೆಗೆ ಹೋಗಬೇಕೆಂದ. ನಾನೂ ಹೋದೆ. ಹಸುಗಳ ಒಡತಿ ಡೈರಿಗೆ ಹಾಲು ಹಾಕಿ ಬದುಕುವ ಹೆಂಗಸು. ನಮ್ಮನ್ನು ನೋಡಿ ಕೂಗಾಡಲಿಲ್ಲ, ಜಗುಲಿ ಮೇಲೆ ಕೂರಿಸಿದಳು.

"ನೀವೇ ಅಲ್ವಾ ಕೈ ಎತ್ಕಂಡು ನಿಂತಿದ್ದೋರು?"

"ಹೌದಮ್ಮ, ನಾನೇ."

"ಯಾಕಪ್ಪಾ ಎತ್ತುದ್ರಿ? ನೀರು ಬುಡೋದು ಬುಟ್ಟು?"

ಅಣ್ಣ ತನ್ನ ಬಲಗೈಯನ್ನು ನೋಡಿಕೊಂಡ. "ಹಾಗೆ ಕಲಿಸಿದ್ದಾರಮ್ಮ" ಎಂದ.

"ಯಾರು ಕಲ್ಸಿದ್ದು?" ಅವಳು ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು. "ಅವ್ರ ಮನೇಲಿ ದನ ಕಟ್ಟಿಲ್ವಾ?"

ಅಣ್ಣ ಅವಳಿಗೆ ಕೈಮುಗಿದು ಎದ್ದ.

ವಿಚಾರಣೆಗೆ ಬೇರೆ ಜಿಲ್ಲೆಯಿಂದ ಒಬ್ಬ ಅಧಿಕಾರಿ ಬಂದರು. ಒಳ್ಳೆಯ ಮಾತಿನವರು, ನಮ್ಮ ಠಾಣೆಯ ಕಾಫಿಯನ್ನು ಹೊಗಳಿದರು. ನನ್ನನ್ನು ಸಾಕ್ಷಿಯಾಗಿ ಕರೆದು ಕೇಳಿದರು.

"ಈ ಡ್ರೈವರ್‌ಗೆ ಟ್ರೈನಿಂಗ್ ಆಗಿದೆ ತಾನೆ?"

"ಆಗಿದೆ ಸಾರ್. ತೊಂದ್ರೆ ಆಗಿರೋದೇ ಅದರಿಂದ."

"ಏನ್ರೀ ಹಂಗಂದ್ರೆ?"

ನಾನು ಬಿಡಿಸಿ ಹೇಳಿದೆ. ವರ್ಷಗಟ್ಟಲೆ ಅವನ ಮೈಗೆ ನಾವು ಅಭ್ಯಾಸ ಮಾಡಿಸಿದ್ದು ಕೈ ಎತ್ತುವುದನ್ನು, ವಾಲ್ವ್ ತಿರುಗಿಸುವುದನ್ನಲ್ಲ ಎಂದೆ. ಹುಲ್ಲಿನ ಮೆದೆಗೆ ಬೆಂಕಿ ಬಿದ್ದಾಗಲೆಲ್ಲ ಕೈ ಎತ್ತಿದ ಮೇಲೆ ನೆನಪಾಗಿ ವಾಲ್ವ್ ತಿರುಗಿಸಿದರೂ ನಡೆದುಹೋಗುತ್ತಿತ್ತು, ಅಲ್ಲಿ ಅವಸರವಿರುವುದಿಲ್ಲ. ಅವಸರ ಬಿದ್ದ ದಿನ ಮೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು ಎಂದೆ. ಟೈಪ್ ಮಾಡುತ್ತಿದ್ದವನ ಕಡೆ ಅವರು ಬೆರಳು ಆಡಿಸಿ "ಅದೆಲ್ಲ ಬೇಡ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅದೇ ಟ್ರೈನಿಂಗು ನಿಮಗೂ ಆಗಿದೆ ಅಲ್ವಾ? ನೀವು ಸರಿಯಾಗೇ ಇದ್ದೀರಲ್ಲ" ಎಂದರು. ನನ್ನ ಕೆಲಸ ಕೂಗುವುದಷ್ಟೇ ಸಾರ್ ಎಂದು ಹೇಳುವಷ್ಟರಲ್ಲಿ ಅವರು ಎದ್ದು ಜೀಪಿನ ಕಡೆ ಹೊರಟಿದ್ದರು.

ಗಾಬರಿಯಿಂದ ಕರ್ತವ್ಯಲೋಪ ಎಂದು ತೀರ್ಮಾನವಾಯಿತು. ಶಿಬಿರದ ಮೇಲೆ ಒಂದು ಅಕ್ಷರ ಬರದ ಹಾಗೆ ಚೆನ್ನಾಗಿ ತಿಪ್ಪೆ ಸಾರಿಸಿದರು. ಅಣ್ಣನ ಕೈಯಿಂದ ಗಾಡಿಯ ಕೀಲಿ ತೆಗೆದುಕೊಂಡರು. ಮುಂದಿನ ಶಿಬಿರದಲ್ಲಿ ಅವನು ಮತ್ತೆ ತರಬೇತಿ ಪಡೆದು ಪಾಸಾದರೆ ಗಾಡಿ ವಾಪಸು, ಇಲ್ಲದಿದ್ದರೆ ನಿವೃತ್ತಿಯ ತನಕ ಠಾಣೆಯೊಳಗಿನ ಕೆಲಸ. ಅವನಿಗೆ ಬೇರೇನೂ ಬೇಕಿರಲಿಲ್ಲ. ಸ್ಟೀರಿಂಗ್ ಹಿಡಿದೇ ಇಲಾಖೆಗೆ ಸೇರಿದವನು, ಹಿಡಿದೇ ಇಳಿಯಬೇಕೆಂದಿದ್ದ.

ಅಲ್ಲಿಂದ ಅವನು ತಾನೇ ಒಂದು ಅಭ್ಯಾಸ ಶುರು ಮಾಡಿದ. ಸಂಜೆ ಎಲ್ಲರೂ ವಾಲಿಬಾಲ್ ಆಡುವಾಗ ಅವನು ಗಾಡಿಯ ಹಿಂದೆ ಹೋಗಿ ನಿಲ್ಲುತ್ತಿದ್ದ. ನನ್ನನ್ನು ದೂರ ನಿಲ್ಲಿಸಿ ಕೂಗಿಸುತ್ತಿದ್ದ. ಮೊದಮೊದಲು ಪ್ರತಿ ಸಲವೂ ಅವನ ಬಲಗೈ ಮೇಲೆ ಹೋಗುತ್ತಿತ್ತು.

"ಎಂತ ಮಾರಾಯ ಇದು! ನಾನು ಎತ್ತೂದಲ್ಲ, ಅದೇ ಹೋಗ್ತದೆ" ಎಂದು ಆ ಕೈಯನ್ನು ಎಡಗೈಯಿಂದ ಹೊಡೆಯುತ್ತಿದ್ದ.

ಒಂದು ದಿನ ಕೈ ಮೇಲೆ ಹೋಗಲಿಲ್ಲ. ವಾಲ್ವಿನ ಮೇಲೇ ಉಳಿಯಿತು, ತಿರುಗಿಸಿತು. ಅವನು ಮಗುವಿನಂತೆ ನಕ್ಕ. ನನಗೂ ಎಷ್ಟೋ ತಿಂಗಳ ಮೇಲೆ ಮನಸ್ಸು ಹಗುರಾಯಿತು. ಇನ್ನು ಗಾಡಿ ಅವನದೇ ಎಂದು ನಂಬಿಬಿಟ್ಟೆ.

ಶಿಬಿರ ಅದೇ ಮೈದಾನದಲ್ಲಿ, ಅದೇ ಬ್ಯಾನರಿನ ಕೆಳಗೆ ನಡೆಯಿತು. ತರಬೇತುದಾರ ಮಾತ್ರ ಹೊಸಬ, ಹೊರಗಿನಿಂದ ಬಂದವನು. ಬೆಳಗ್ಗೆ ತರಗತಿಯಲ್ಲಿ ಪರದೆಯ ಮೇಲೆ ಒಂದು ವಿಡಿಯೋ ಹಾಕಿ, "ಪ್ಯಾನಿಕ್ ಆದ್ರೆ ಮನುಷ್ಯ ಏನಾಗ್ತಾನೆ ನೋಡಿ" ಎಂದ. ನಮ್ಮದೇ ಕೊಟ್ಟಿಗೆ, ನಮ್ಮದೇ ಗಾಡಿ. ಹಿಂದಿನ ಬೆಂಚಿನಲ್ಲಿ ಕೂತವನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಮ್ಮ ಅಧಿಕಾರಿಗಳು ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದರು. ನಾನು ಎದ್ದು ಏನೋ ಹೇಳಹೊರಟೆ. ಅಣ್ಣ ನನ್ನ ಅಂಗಿ ಹಿಡಿದು ಕೂರಿಸಿದ. "ಬೇಡ. ಹೊರಗೆ ಮಾಡಿ ತೋರಿಸ್ತೇನೆ" ಎಂದ.

ಹೊರಗೆ ಸೀಟಿ ಬಿತ್ತು. ನಾವು ಓಡಿದೆವು, ಜೋಡಿಸಿದೆವು. ನಾನೇ ಬ್ರಾಂಚ್ ಹಿಡಿದು ಕೂಗಿದೆ. ಈ ಸಲ ಕೂಗಿದವನೇ ತಿರುಗಿ ನೋಡಿದೆ. ಅಣ್ಣ ಎರಡೂ ಕೈಯಿಂದ ವಾಲ್ವ್ ತಿರುಗಿಸಿ, ಕೈ ಅಲ್ಲೇ ಇಟ್ಟು, ಹೋಸ್ ನೋಡುತ್ತ ನಿಂತ. ಟ್ಯಾಂಕಿನಲ್ಲಿ ಹನಿ ನೀರಿರಲಿಲ್ಲ. ಸ್ಟಾಪ್‌ವಾಚ್ ಓಡುತ್ತಿತ್ತು.

"ಏನ್ರೀ, ಕೈ ಎತ್ತಿ!" ತರಬೇತುದಾರ ಕೂಗಿದ.

"ನೀರು ಬರಲಿಲ್ಲ ಸಾರ್."

"ಡ್ರಿಲ್‌ನಲ್ಲಿ ನೀರು ಎಲ್ಲಿಂದ ಬರತ್ತೆ? ಕೈ ಎತ್ತಿ ಅಂದ್ರೆ."

"ಬಂದ ಮೇಲೆ ಎತ್ತುತ್ತೇನೆ ಸಾರ್."

ಶಾಮಿಯಾನದ ಕೆಳಗೆ ಯಾರೋ ನಕ್ಕರು. ತರಬೇತುದಾರ ಮತ್ತೊಮ್ಮೆ ಹೇಳಿದ. ಅಣ್ಣ ಹೋಸ್ ಮೇಲಿನ ಕಣ್ಣು ತೆಗೆಯಲಿಲ್ಲ. ನಾನು ಬ್ರಾಂಚ್ ಕೆಳಗಿಟ್ಟು ಶಾಮಿಯಾನದ ಹತ್ತಿರ ಹೋಗಿ, "ಸಾರ್, ಅವರು ಮಾಡ್ತಿರೋದೇ ಸರಿ. ಟ್ಯಾಂಕಿಗೆ ನೀರು ತುಂಬ್ಸಿ ನೋಡಿ" ಎಂದೆ. ನಮ್ಮ ಅಧಿಕಾರಿಯೊಬ್ಬರು ಮೆಲ್ಲಗೆ, "ಹೋಗ್ರೀ, ನಿಮ್ಮ ಜಾಗಕ್ಕೆ ಹೋಗಿ. ಮೈದಾನ ಕೆಸರಾಗತ್ತೆ" ಎಂದರು.

ಅವನು ಫೇಲಾದ. ಆಜ್ಞೆ ಪಾಲಿಸಲಿಲ್ಲ, ಇನ್ನೂ ಗಾಬರಿಯಿಂದ ಹೊರಬಂದಿಲ್ಲ ಎಂದರು. ಈಗ ಅವನು ಠಾಣೆಯ ಫೋನಿನ ಮುಂದೆ ಕೂರುತ್ತಾನೆ. ಕರೆ ಬಂದಾಗ ಊರು, ದಾರಿ, ಬೆಂಕಿ ಎಂಥದು ಎಲ್ಲ ಸರಿಯಾಗಿ ಕೇಳಿ ನಮಗೆ ಹೇಳುತ್ತಾನೆ, ಗಾಡಿ ಗೇಟು ದಾಟುವುದನ್ನು ಕಿಟಕಿಯಿಂದ ನೋಡುತ್ತಾನೆ.

ಗಾಡಿ ಓಡಿಸುವವನು ಈಗ ಬೇರೆಯವನು, ಒಳ್ಳೆಯ ಹುಡುಗ, ಆ ಶಿಬಿರದಲ್ಲಿ ಮೊದಲ ಬಹುಮಾನ ಪಡೆದವನು. ಬೆಂಕಿಯ ಎದುರು ನಿಂತು ನಾನು "ವಾಟರ್ ಆನ್" ಎನ್ನುತ್ತೇನೆ, ನನ್ನ ಮಾತು ಮುಗಿಯುವ ಮುಂಚೆಯೇ ಹಿಂದಿನಿಂದ ಉತ್ತರ ಬರುತ್ತದೆ. ಆಗ ನಾನು ಬೆಂಕಿಗೆ ಬೆನ್ನು ಹಾಕಿ ಅವನ ಕೈ ಎಲ್ಲಿದೆ ಎಂದು ನೋಡುತ್ತೇನೆ.